ಸಾಹುಕಾರರ ಹೆಸರಿನ ಬೆಳಕು

ಮದುವೆ ಹುಡುಗಿಯದು. ಮಂಟಪದ ಗೋಡೆಯ ಮೇಲೆ ಹೆಸರು ಮಾತ್ರ ಸೋದರಮಾವ ಚನ್ನವೀರಪ್ಪ ಸಾಹುಕಾರರದು. ಆಳೆತ್ತರದ ಬಿಳಿ ಎಲ್‌ಇಡಿ ಬೋರ್ಡು, ವಧುವಿನ ತಲೆಯ ಹಿಂದೆಯೇ. ದೊಡ್ಡವರಿಗೆ ಇನ್ನೊಬ್ಬರ ಮದುವೆಯಲ್ಲೂ ತಮ್ಮದೇ ಮೆರವಣಿಗೆ ಬೇಕು.

ವಿಡಿಯೊ ತೆಗೆಯುವ ದಾವಲ್ ಕ್ಯಾಮೆರಾದಲ್ಲಿ ನೋಡಿದ. ಹಿಂದಿನ ಬೆಳಕಿಗೆ ಹುಡುಗಿಯ ಮುಖ ಹಂಚಿನ ತಳದಂತೆ ಕಪ್ಪಗಿತ್ತು. ಸಾಹುಕಾರರ ತಾಯಿ ಹಾಸಿಗೆ ಹಿಡಿದಿದ್ದಳು. ಮೊಮ್ಮಗಳ ಮದುವೆಯನ್ನು ಆಕೆ ನೋಡುವುದಿದ್ದರೆ ಈ ವಿಡಿಯೊದಲ್ಲೇ.

“ಬೋರ್ಡು ಆರಿಸೋ ಅಣ್ಣಾ,” ಎಂದು ಹುಡುಗಿಯ ತಾಯಿ ಬೇಡಿಕೊಂಡಳು.

“ಮಂಟಪದ ಬಾಡಿಗಿ ಕೊಟ್ಟಾವ ನಾನು. ನನ್ನ ಹೆಸರು ಆರಂಗಿಲ್ಲ.”

ದಾವಲ್ ಕೈ ಮುಗಿದ. “ಆರಿಸೋದು ಯಾಕ್ರೀ ಸಾಹುಕಾರ್ರ? ಹೆಸರು ತಪ್ಪು ಜಾಗಾದಾಗ ಐತಿ. ಅಕ್ಷತಾ ಹಾಕಾಕ ಮಂದಿ ವೇದಿಕಿ ಹತ್ತಿದ್ರ ಮುಚ್ಚಿ ಹೋಗತೈತಿ. ನನ್ನ ಕ್ಯಾಮೆರಾ ಪಕ್ಕ ತಂದು ವೇದಿಕಿ ಕಡೆ ತಿರುಗಿಸಿ ಇಡ್ರಿ. ವೇದಿಕಿ ಮ್ಯಾಲಿನ ಬೀಗರು, ಸ್ವಾಮಿಗಳು, ಎಮ್ಮೆಲ್ಲೆ, ಎಲ್ಲಾರೂ ನಿಮ್ಮ ಹೆಸರನ್ನ ನೋಡಕೋತ ಕೂಡಬೇಕು.”

ಎಮ್ಮೆಲ್ಲೆ ಎಂದದ್ದೇ ತಡ, ಸಾಹುಕಾರರು ತಾವೇ ಬೋರ್ಡಿಗೆ ಹೆಗಲು ಕೊಟ್ಟರು. ತಾಳಿ ಕಟ್ಟುವಾಗ ಹುಡುಗಿಯ ಮುಖ ಮೂಗುತಿಯ ಹರಳು ಸಮೇತ ನಿಚ್ಚಳವಾಗಿ ಕಂಡಿತು.

ಮುಂದಿನ ವಾರ ದಾವಲ್ ಅಜ್ಜಿಯ ಮಂಚದ ಮುಂದೆ ಟಿವಿಯಲ್ಲಿ ವಿಡಿಯೊ ಹಾಕಿದ. ಸಾಹುಕಾರರು ಎದ್ದು ಟಿವಿಗೆ ಮುಖ ತಾಗಿಸಿ ಹುಡುಕಿದರು.

“ನನ್ನ ಹೆಸರು ಎಲ್ಲೈತೋ ದಾವಲ್?”

“ಹುಡುಗಿ ಮುಖದ ಮ್ಯಾಲೆ ಬಿದ್ದೈತಲ್ರೀ ಬೆಳಕು, ಅದೇ ರೀ.”

ಸಾಹುಕಾರರು ಬಾಯಿ ತೆರೆಯುವಷ್ಟರಲ್ಲಿ ಮಂಚದಿಂದ ತಾಯಿ ಗದರಿದಳು:

“ಪಕ್ಕಕ್ಕ ಸರಿಯೋ ಚನ್ಯಾ, ಕೂಸು ಕಾಣವಲ್ದು.”