ಮುಚ್ಚಳದ ರಬ್ಬರು

“ಅಣ್ಣಾ, ಅಜ್ಜಾರ ಆಶ್ರಮಕ್ಕ ದಾರಿ ಯಾವುದು?”

ಕುರಿ ಕಾಯುವವನು ಕೋಲಿನ ಮೇಲೆ ಗದ್ದ ಊರಿ ನೀಲಗಂಗಾಳನ್ನು ನೋಡಿದ. “ನೀ ಹೊಂಟಿದ್ದೊಂದು ಬಿಟ್ಟು ಯಾವುದಾದ್ರೂ ನಡೀತೈತಿ, ತಂಗಿ.”

ಮೂರು ವರ್ಷ ಅದೇ ಆಶ್ರಮದಲ್ಲಿದ್ದು ಎಂಜಿನ್ ಕೆಲಸ ಕಲಿತವಳು ಅವಳು. ಆದರೆ ಸಿಟ್ಟಿನಲ್ಲಿ ನಡೆಯುವವರಿಗೆ ಗೊತ್ತಿದ್ದ ದಾರಿಯೂ ತಪ್ಪುತ್ತದೆ. ಹೊರಳಿ ಹೊಳೆಯ ದಂಡೆ ಹಿಡಿದಳು.

ಆಶ್ರಮದ ಅಂಗಳದಲ್ಲಿ ಅಜ್ಜ ಮರದ ನೆರಳಲ್ಲಿ ಕೂತು ಎಂಜಿನ್ನಿನ ವಾಲ್ವು ಉಜ್ಜುತ್ತಿದ್ದರು. ಅವರ ಪೂಜೆ ಬೆಳಿಗ್ಗೆಯೇ ಮುಗಿಯುತ್ತಿತ್ತು, ಆಮೇಲಿನದೆಲ್ಲ ಗ್ರೀಸು.

“ಅಜ್ಜಾರ, ಫಕೀರವ್ವನ ಹಳೇ ಸೀಮೆಎಣ್ಣಿ ಟ್ರ್ಯಾಕ್ಟರು ಕೈಕೊಟ್ಟೈತ್ರಿ. ಚಲೋನ ಚಾಲೂ ಆಗತೈತಿ, ಅರ್ಧ ತಾಸು ಓಡತೈತಿ, ಆಮ್ಯಾಲ ಕೆಮ್ಮಿ ನಿಲ್ಲತೈತಿ. ಸ್ವಲ್ಪ ಹೊತ್ತು ಬಿಟ್ರ ಮತ್ತ ಚಾಲೂ. ಪಂಪು ಅದರ ಬೆಲ್ಟಿನ ಮ್ಯಾಲ ಓಡೋದು; ಮೆಣಸಿನ ಸಸಿಗೆ ನೀರ ಮುಟ್ಟವಲ್ದು.”

“ಕಿಡಿ?”

“ಪ್ಲಗ್ ಬಿಚ್ಚಿ ನೋಡಿದೆ. ನೀಲಿ ಕಿಡಿ, ಚಟಚಟ ಅಂತೈತಿ.”

“ಎಣ್ಣಿ?”

“ಅಲ್ಲೇ ಐತ್ರಿ ಕಳ್ಳತನ. ಡ್ರೈವರ್ ಲಗಮಣ್ಣ ಸೀಮೆಎಣ್ಣಿ ಮಾರಿಕೊಂಡು ನೀರು ಬೆರೆಸ್ಯಾನ. ಹೊಲದಾಗ ಎಲ್ಲಾರ ಮುಂದ ಅಂದು ಬಂದೀನಿ. ಇವತ್ತ ಸಂಜಿಗೆ ಫಕೀರವ್ವ ಅವನ್ನ ಕೆಲಸದಿಂದ ತಗೀತಾಳ.”

“ನೀರು ಕಂಡ್ಯಾ?”

ಟ್ಯಾಂಕಿನಿಂದ ತುಂಬಿ ತಂದಿದ್ದ ಸೀಮೆಎಣ್ಣೆಯ ಬಾಟಲಿಯನ್ನು ಅವಳು ಚೀಲದಿಂದ ತೆಗೆದು ಕೊಟ್ಟಳು. ಅಜ್ಜ ಅದನ್ನು ಬಿಸಿಲಿಗೆ ಹಿಡಿದರು. ತಳದಲ್ಲಿ ನೀರಿನ ಗೆರೆಯಿಲ್ಲ.

“ಅಲ್ಲಾಡಿ ಬಂದೈತ್ರಿ. ನೀರು ತಳಕ್ಕ ಇಳಿಬೇಕು,” ಅಂದಳು ಅವಸರದಲ್ಲಿ.

“ಇಳೀಲಿ. ಅಲ್ಲೀತನಕ ಈ ಡಬ್ಬಿ ಎಣ್ಣಿ ಆ ತಂಬಿಗಿಗೆ ಹಾಕು.”

ಮೊಹರು ಒಡೆಯದ ಶೇಂಗಾಎಣ್ಣೆಯ ಡಬ್ಬಿ. ಪಕ್ಕದಲ್ಲಿ ಮೊಳೆ, ಕಲ್ಲು. ನೀಲಗಂಗಾ ಒಂದು ತೂತು ಹೊಡೆದು ಬಗ್ಗಿಸಿದಳು. ಎಣ್ಣೆ ಬಂತು, ಗುಳುಗುಳು ಅಂತು, ನಿಂತಿತು. ಯೋಚನೆಯೇ ಇಲ್ಲದೆ ಡಬ್ಬಿ ತಿರುಗಿಸಿ ಇನ್ನೊಂದು ಮೂಲೆಗೆ ಮೊಳೆ ಇಟ್ಟಳು.

ಅಜ್ಜ ಮುಂಗೈ ಹಿಡಿದರು. “ಒಂದು ತೂತು ಸಾಲದ?”

“ಗಾಳಿ ಒಳಗ ಹೋಗದಿದ್ರ ಎಣ್ಣಿ ಹೊರಗ ಹೆಂಗ ಬರತೈತ್ರಿ? ಇಷ್ಟೂ ಗೊತ್ತಿಲ್ಲೇನು ನಿಮಗ?”

“ನನಗ ಗೊತ್ತೈತಿ.”

ಮೊಳೆ ಕೈಯಲ್ಲೇ ಉಳಿಯಿತು. ಆ ಟ್ರ್ಯಾಕ್ಟರಿನ ಟ್ಯಾಂಕಿನ ಮುಚ್ಚಳಕ್ಕೆ ಸೂಜಿಗಾತ್ರದ ತೂತಿತ್ತು. ಧೂಳು ಬೀಳುತ್ತದೆಂದು ಹೋದ ವಾರ ಹಳೇ ಟ್ಯೂಬು ಕತ್ತರಿಸಿ ಒಳಗಿನಿಂದ ರಬ್ಬರು ಬಿಗಿದು ಆ ತೂತು ಮುಚ್ಚಿದವಳು ಅವಳೇ. ಫಕೀರವ್ವನಿಂದ ಹೊಗಳಿಸಿಕೊಂಡೂ ಬಂದಿದ್ದಳು.

ಬಾಟಲಿಯ ಕಡೆ ನೋಡಿದಳು. ಏನೂ ಇಳಿದಿರಲಿಲ್ಲ.

ಇಬ್ಬರೂ ಹೊಲ ಮುಟ್ಟಿದಾಗ ಲಗಮಣ್ಣ ಬುತ್ತಿ, ಟವೆಲು ಗಂಟು ಕಟ್ಟಿಕೊಂಡು ಬದುವಿನ ಮೇಲೆ ಕೂತಿದ್ದ. ನೀಲಗಂಗಾ ರಬ್ಬರು ಕಿತ್ತಳು. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿದಳು.

ಅರ್ಧ ತಾಸು ಕಳೆಯಿತು. ಒಂದು ತಾಸೂ ಕಳೆಯಿತು. ನೀರು ಕೊನೆಯ ಸಾಲಿಗೆ ಮುಟ್ಟಿತು.

“ಏನ ರಿಪೇರಿ ಮಾಡಿದಿ ಯವ್ವಾ?” ಹತ್ತಿರ ಬಂದ ಫಕೀರವ್ವ ಕೇಳಿದಳು.

ಏನೋ ಸಣ್ಣದಿತ್ತು ಅಂದು ಚೀಲ ಹೆಗಲಿಗೇರಿಸಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅಜ್ಜ ಹರಿಯುವ ನೀರು ನೋಡುತ್ತಿದ್ದರು.

ಅವಳು ಬದುವಿಗೆ ನಡೆದಳು. “ಲಗಮಣ್ಣಾ, ಎಣ್ಣ್ಯಾಗ ನೀರಿರಲಿಲ್ಲ. ಮುಚ್ಚಳಕ್ಕ ರಬ್ಬರ್ ಬಿಗಿದಾಕಿ ನಾನು. ತಪ್ಪು ನಂದು.”

ಲಗಮಣ್ಣ ಸುತ್ತ ನೋಡಿದ. “ಕಳ್ಳ ಅಂದಾಗ ಹದಿನೆಂಟು ಮಂದಿ ಕೇಳಿದ್ರು, ತಂಗಿ. ಈಗ ಇಬ್ರು ಅದಾರ.”

ನೀಲಗಂಗಾ ಟ್ರ್ಯಾಕ್ಟರು ಹತ್ತಿ ನಿಂತು, ದೂರದ ಸಾಲಿನಲ್ಲಿ ಸಸಿ ನೆಡುತ್ತಿದ್ದವರನ್ನೆಲ್ಲ ಕೂಗಿ ಕರೆದಳು. ಕೈ ಒರೆಸಿಕೊಳ್ಳುತ್ತ ಬಂದರು.

“ಏನವಾ, ಎಲೆಕ್ಷನ್ನಿಗೆ ನಿಂತ್ಯೇನು?” ಅಂದಳೊಬ್ಬಳು.

ಎಂಜಿನ್ನಿನ ಸದ್ದಿಗಿಂತ ಒಂದು ದನಿ ಮೇಲೆ, ಅಷ್ಟನ್ನೂ ಮತ್ತೆ ಹೇಳಿದಳು. ರಬ್ಬರು, ಮುಚ್ಚಳ, ತನ್ನ ಬಾಯಿ, ಒಂದೂ ಬಿಡಲಿಲ್ಲ.

“ಮಾಡಿದಾಕಿ ನೀನು, ಬೈಸಿಕೊಂಡಾವ ಅವನು!” ಹೆಂಗಸರು ನಕ್ಕರು. ಲಗಮಣ್ಣನೂ ನಕ್ಕ. “ಸಾಕು, ಇಳಿಯೇ ತಂಗಿ, ಗಂಟಲು ಹರಿದೀತು,” ಅನ್ನುತ್ತ ಗಂಟು ಬಿಚ್ಚಿದ.

ಹೊಲ ತಣಿದಿತ್ತು. ನೀಲಗಂಗಾ ಎಂಜಿನ್ ನಿಲ್ಲಿಸಲು ಕೈ ಚಾಚಿದಳು.

“ಕೈ ತಗಿ,” ಅಂದರು ಅಜ್ಜ. “ಲಗಮಣ್ಣ ನಿಲ್ಲಸ್ತಾನ.”