ಹೂ ಬಿಡುವ ಮೊದಲು

ಗೋಮಾಳದಲ್ಲಿ ಕೆಂದಿ ಎಂಬ ಹಸು ಕರುವಿನ ಜೊತೆ ಮೇಯುತ್ತಿತ್ತು. ಪಾರ್ಥೇನಿಯಂ ಗಿಡ ಕಂಡಲ್ಲೆಲ್ಲ ಮೂತಿ ತಿರುಗಿಸಿ ಮುಂದೆ ಹೋಗುತ್ತಿತ್ತು.

ಒಂದು ಗಿಡ ತಾನೇ ಕರೆಯಿತು. "ಕೆಂದಕ್ಕಾ, ನಿನ್ನ ಉಪಕಾರ ದೊಡ್ಡದು."

"ನನ್ನದೇನು ಉಪಕಾರ? ನಿನ್ನ ಕಹಿ ಎಲೆಗೆ ನಾಲಿಗೆಯನ್ನೂ ತಾಗಿಸಿಲ್ಲ."

"ಅದೇ ಉಪಕಾರ. ನನ್ನ ಬಿಡ್ತೀಯ, ಪಕ್ಕದ ಹುಲ್ಲನ್ನು ಬುಡದ ತನಕ ಮೇಯ್ತೀಯ. ಖಾಲಿಯಾದ ಜಾಗ ನನ್ನದು."

ಕೆಂದಿ ತಲೆ ಎತ್ತಿ ನೋಡಿತು. ಹೋದ ವರ್ಷ ಕೆರೆಯಂಚಿಗಿದ್ದ ಗಿಡ ಈಗ ಅರ್ಧ ಗೋಮಾಳ ಹಿಡಿದಿತ್ತು. ಹಸಿದ ಕರು ಹುಲ್ಲು ಸಿಗದೆ ಆ ಕಹಿ ಎಲೆಗೇ ಬಾಯಿ ಹಾಕುತ್ತಿತ್ತು. ಕೆಂದಿ ಕರುವನ್ನು ಪಕ್ಕಕ್ಕೆ ತಳ್ಳಿ ಗಿಡದ ಬುಡಕ್ಕೆ ಕೋಡು ಹಾಕಿತು.

ಗಿಡ ನಡುಗಿತು. "ತಾಳು ತಾಯಿ. ಮೊಗ್ಗು ಬಂದಿದೆ. ಹೂ ಬಿಟ್ಟ ಮೇಲೆ ಒಣಗಿ ನಾನೇ ಸಾಯ್ತೀನಿ."

"ಪಾಪ, ಬಿಡೇ," ಎಂದಿತು ಪಕ್ಕದ ಎಮ್ಮೆ. "ತಾನಾಗಿ ಸಾಯೋದನ್ನ ಯಾಕೆ ಕೊಲ್ತೀಯ?"

"ಸಾಯೋದು ಇದೊಂದೇ. ಬೀಜ ಬಿದ್ದರೆ ಮುಂದಿನ ಮಳೆಗೆ ನಿನಗೂ ಹುಲ್ಲಿಲ್ಲ, ನನ್ನ ಕರುವಿಗೂ ಇಲ್ಲ. ಬಾರೇ, ನಿನಗೆ ಕೋಡಿರೋದು ಬರೀ ಅಂದಕ್ಕಾ?"

ಮಳೆ ಬಿದ್ದ ನೆಲ ಮೆತ್ತಗಿತ್ತು. ಗಿಡ ಬೇರುಸಮೇತ ಬಂತು. ಎಮ್ಮೆಯೂ ಒಂದು ಕಿತ್ತಿತು. ಅದನ್ನು ಕಂಡು ಹಿಂಡೆಲ್ಲ ಓಡಿಬಂತು.

ಸಂಜೆ ಅವು ಅರೆಹೊಟ್ಟೆಯಲ್ಲೇ ಬಾಲ ಎತ್ತಿ ಕುಣಿಯುತ್ತಾ ಹಟ್ಟಿಗೆ ಬಂದವು. ಕೋಡಿನ ತುಂಬ ಮಣ್ಣು, ಬೇರು. ದನಗಳ ಯಜಮಾನ ಹೊನ್ನೂರಪ್ಪ ನಕ್ಕ. "ಏನ್ರೇ, ಮೇಯೋಕೆ ಬಿಟ್ಟರೆ ಉತ್ತು ಬಂದಿರಾ?"

ಆಮೇಲೆ ಕೋಡಿಗೆ ಸಿಕ್ಕಿದ ಗಿಡ ಬಿಡಿಸುತ್ತಾ ಮೊಗ್ಗನ್ನು ನೋಡಿದ. ಮರುದಿನ ದನಗಳ ಮುಂದೆ ಅವನೇ ನಡೆದ, ಹೆಗಲ ಮೇಲೆ ಗುದ್ದಲಿ ಹೊತ್ತು.