ವನ್ಸ್ ಮೋರ್ ಕೂಗಿದ ಊರು

“ಗುರುಗಳೇ, ನನ್ನ ಕೈಯಲ್ಲಿ ಎಂಟು ದೊಡ್ಡ ಕೃತಿಗಳು ಕೂತಿವೆ. ಒಂದರಲ್ಲೂ ತಪ್ಪು ಬೀಳುವುದಿಲ್ಲ. ನನ್ನ ಮೊದಲ ಕಛೇರಿಗೆ ಯಾವುದನ್ನು ಆರಿಸಿಕೊಳ್ಳಲಿ?” ಎಂದು ಪಿಯಾನೊ ಕಲಿಯುತ್ತಿದ್ದ ಇಂದುಮತಿ ಕೇಳಿದಳು.

ಗುರುಗಳು ಪಿಯಾನೊದ ಕಪ್ಪು-ಬಿಳಿ ಕೀಲಿಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸುತ್ತಿದ್ದರು. “ಎಂಟೇ? ಭೇಷ್! ಕೂತುಕೋ ತಾಯಿ, ಒಂದು ಕತೆ ಹೇಳುತ್ತೇನೆ,” ಎಂದರು.

ಒಬ್ಬ ಪಿಯಾನೊ ವಾದಕಿ ಇದ್ದಳು. ದೊಡ್ಡ ಹೆಸರು. ಪಕ್ಕವಾದ್ಯವಿಲ್ಲ, ಜೊತೆಗಾರರಿಲ್ಲ, ಎದುರಿಗೆ ಸ್ವರ ಬರೆದ ಒಂದು ಕಾಗದವೂ ಇಲ್ಲ. ವೇದಿಕೆಯ ಮೇಲೆ ಅವಳೊಬ್ಬಳು, ಪಿಯಾನೊ ಒಂದು. ಅವಳ ವಾದ್ಯದ ಸಂಪ್ರದಾಯ ಬಲು ಬಿಗಿ. ಕೃತಿ ಮುಗಿಯುವ ತನಕ ಸಭೆ ಪಿಟಕ್ಕೆನ್ನಬಾರದು. ಕೆಮ್ಮು ಬಂದವರು ಕೆಮ್ಮನ್ನೇ ನುಂಗಬೇಕು. ಎಲ್ಲ ಮುಗಿದ ಮೇಲೆ ಚಪ್ಪಾಳೆ. ಚಪ್ಪಾಳೆಗೆ ಅವಳಿಗೆ ಎಂದೂ ಕೊರತೆ ಇರಲಿಲ್ಲ. ಒಂದು ಸ್ವರವೂ ತಪ್ಪಲಿಲ್ಲ ಎಂದು ಮರುದಿನ ಪತ್ರಿಕೆಯವರು ಬರೆಯುತ್ತಿದ್ದರು.

ಆದರೆ ಅವಳಿಗೇ ಬೇಸರ ಬಂದುಬಿಟ್ಟಿತ್ತು. ಅವೇ ಕೃತಿಗಳು, ಊರು ಮಾತ್ರ ಬೇರೆ. ದಿನವೂ ಬಡಿಸಿ ಬಡಿಸಿ ತನ್ನ ಹಸಿವೇ ಸತ್ತುಹೋದವಳ ಹಾಗಾಗಿದ್ದಳು. ಇನ್ನೊಂದೇ ಕಛೇರಿ, ಆಮೇಲೆ ಪಿಯಾನೊದ ಮುಚ್ಚಳ ಹಾಕಿಬಿಡುತ್ತೇನೆ ಎಂದು ತೀರ್ಮಾನಿಸಿದ್ದಳು.

ಆ ಕೊನೆಯ ಕಛೇರಿ ಬಯಲುಸೀಮೆಯ ಒಂದು ಊರಿನಲ್ಲಿ ಗೊತ್ತಾಯಿತು. ಅಯ್ಯೋ, ಅದು ನಾಟಕದ ಹುಚ್ಚಿನ ಊರು! ಕಂಪನಿ ನಾಟಕ ನೋಡಿಯೇ ಬೆಳೆದ ಜನ. ಅವರ ರೂಢಿಯೇ ಬೇರೆ. ಹಾಡು ಮನಸ್ಸಿಗೆ ಹಿಡಿಸಿತೋ, ಅಲ್ಲೇ “ವನ್ಸ್ ಮೋರ್!” ಎಂದು ಕೂಗುವುದು. ಸತ್ತುಬಿದ್ದ ರಾಜನೂ ಧೂಳು ಕೊಡವಿಕೊಂಡು ಎದ್ದು, ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸಾಯಬೇಕು. ಸುಮ್ಮನೆ ಬಿಡುವ ಜನವಲ್ಲ. ಪಿಯಾನೊ ಕಛೇರಿ ಅವರಿಗೆ ಇದೇ ಮೊದಲು. ಬಾಯಿ ಮುಚ್ಚಿಕೊಂಡು ಕೂರಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ವಾದಕಿ ಬಂದು ಕೂತಳು, ನುಡಿಸತೊಡಗಿದಳು. ಆ ಕೃತಿಯ ನಡುವೆ ಒಂದು ಜಾಗವಿತ್ತು. ಅಲ್ಲಿ ಎಡಗೈ ಸುಮ್ಮನಾಗುತ್ತದೆ. ಬಲಗೈ ಒಂಟಿಯಾಗಿ ನಾಲ್ಕು ಸ್ವರ ಮೇಲೆ ಹತ್ತುತ್ತದೆ, ಅಷ್ಟೇ. ಚಿಕ್ಕಂದಿನಲ್ಲಿ ಅವಳಿಗೆ ಅದೆಂದರೆ ಪ್ರಾಣ. ಅದನ್ನೇ ಹಿಂದೆ ಮುಂದೆ ನುಡಿಸುತ್ತಾ ಕೂತರೆ ಅವಳಮ್ಮ ಅಡುಗೆಮನೆಯಿಂದ “ಮುಂದಕ್ಕೆ ಹೋಗೇ, ಅಲ್ಲೇ ಬೇರು ಬಿಟ್ಟಿದ್ದೀಯಲ್ಲ!” ಎಂದು ಗದರುತ್ತಿದ್ದಳು. ಮಗಳು ಹೋದಳಪ್ಪ, ಮುಂದಕ್ಕೇ ಹೋದಳು. ಹೆಸರು ಬಂದ ಮೇಲೆ, ಎಕ್ಸ್‌ಪ್ರೆಸ್ ರೈಲು ಸಣ್ಣ ಸ್ಟೇಷನ್ನನ್ನು ದಾಟುವಂತೆ ಆ ಜಾಗವನ್ನು ದಾಟುತ್ತಿದ್ದಳು. ಅಂದೂ ದಾಟಿದಳು.

“ವನ್ಸ್ ಮೋರ್!”

ಕೂಗಿದವಳು ಮುಂದಿನ ಸಾಲಿನ ಒಬ್ಬ ಮುದುಕಿ. ವಾದಕಿಯ ಕೈ ನಿಂತುಹೋಯಿತು. ಕೃತಿಯ ನಡುವೆ ಅವಳ ಕೈ ಎಂದೂ ನಿಂತದ್ದಿಲ್ಲ. ಅವಮಾನದಿಂದ ಮುಖ ಕೆಂಪಾಯಿತು. ಎದ್ದು ಹೋಗಿಬಿಡಲೇ ಅನ್ನಿಸಿತು.

“ಅಜ್ಜಿ, ನಡುವೆ ಹೀಗೆ ಕೂಗಬಾರದು. ಇನ್ನೂ ಮುಗಿದಿಲ್ಲ,” ಎಂದಳು.

“ಮುಗದ ಮ್ಯಾಲೆ ಕೂಗಿ ಏನ ಮಾಡ್ಲಿ ನನ್ನವ್ವಾ? ಚಂದದ ಜಾಗಾ ಅಲ್ಲೇ ಐತಿ. ಅದನ್ನ ಬಿಟ್ಟು ಹಂಗ ಓಡ್ತಿಯಲ್ಲ, ನಿನಗ ಯಾರರ ಬೆನ್ನ ಹತ್ಯಾರೇನು? ಇನ್ನೊಮ್ಮೆ ಬಾರಿಸು!”

ಸಭೆ ಗೊಳ್ಳೆಂದು ನಕ್ಕಿತು. ವಾದಕಿಗೆ ನಗು ಬರಲಿಲ್ಲ. ಅಡುಗೆಮನೆಯ ಆ ಗದರಿಕೆ ನೆನಪಾಗಿ ಕಣ್ಣು ತುಂಬಿತ್ತು. ಇಷ್ಟು ವರ್ಷಗಳಲ್ಲಿ ಯಾರೂ ಅವಳಿಗೆ ಹಿಂದಕ್ಕೆ ಬಾ ಎಂದಿರಲಿಲ್ಲ.

ಅವಳು ಹಿಂದಕ್ಕೆ ಹೋದಳು. ಅದೇ ನಾಲ್ಕು ಸ್ವರಗಳನ್ನು ಮೆಲ್ಲಗೆ ಹತ್ತಿದಳು. ಮೈ ಜುಮ್ಮೆಂದಿತು. ಈ ಸಲ ಯಾರೂ ಕೂಗಲಿಲ್ಲ. ತಾನಾಗಿಯೇ ಇನ್ನೊಮ್ಮೆ ನುಡಿಸಿದಳು, ಮತ್ತೂ ಒಮ್ಮೆ ನುಡಿಸಿದಳು, ಆಮೇಲೆ ಚಿಕ್ಕ ಹುಡುಗಿಯ ಹಾಗೆ ಜೋರಾಗಿ ನಕ್ಕಳು. ಅವಳಿಗಾದ ಖುಷಿ ಹೇಳತೀರದು. ಅಂದು ಊಟದ ಹೊತ್ತು ಮೀರಿದರೂ ಒಬ್ಬರೂ ಏಳಲಿಲ್ಲ, ಅವಳೂ ಏಳಲಿಲ್ಲ. ಮುಚ್ಚಳ ಹಾಕುವ ಮಾತನ್ನು ಅವಳು ಮತ್ತೆಂದೂ ಎತ್ತಲಿಲ್ಲ.

ಕತೆ ಮುಗಿಸಿ ಗುರುಗಳು ಮತ್ತೆ ಬಟ್ಟೆ ಕೈಗೆತ್ತಿಕೊಂಡರು. ಇಂದುಮತಿಗೆ ನಗು ಇನ್ನೂ ನಿಂತಿರಲಿಲ್ಲ.

“ಕತೆಯೇನೋ ಚೆನ್ನಾಗಿದೆ ಗುರುಗಳೇ. ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತು. ಎಂಟರಲ್ಲಿ ಯಾವುದು?”

ಗುರುಗಳು ತಲೆ ಎತ್ತದೆ ಕೇಳಿದರು: “ಆ ಎಂಟರಲ್ಲಿ ಯಾವುದಕ್ಕಮ್ಮ, ನಿಮ್ಮಮ್ಮ ನಿನ್ನನ್ನು ‘ಮುಂದಕ್ಕೆ ಹೋಗೇ’ ಎಂದು ಗದರಿದ್ದು?”

ಇಂದುಮತಿ ಬೆರಳು ಮಡಿಸುತ್ತಾ ಒಂದೊಂದನ್ನೇ ಎಣಿಸಿದಳು. ಎಂಟೂ ಮುಗಿದವು, ಅಮ್ಮ ಗದರಿದ್ದು ಒಂದಕ್ಕೂ ಇರಲಿಲ್ಲ.